ಧರ್ಮಕ್ಕೆ ಹಾಕಿದ ಮೆಟ್ಟಿಲು

ದರ್ಜಿ ಅಕ್ಕ ಬೆಟ್ಟದ ದಾರಿ ತಂಡಕ್ಕೆ ಸೇರಿದ್ದು ಸೇವೆ ಮಾಡಲಿಕ್ಕಲ್ಲ, ಜಗಳ ಮಾಡಲಿಕ್ಕೆ. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಹೆಸರು ಬರೆಸುವ ಹಾಳೆಯಲ್ಲಿ 'ಸೇರಲು ಕಾರಣ' ಎಂಬ ಸಾಲಿತ್ತು. ಬೇರೆಯವರೆಲ್ಲ ಅಲ್ಲಿ ಶುದ್ಧ ಗಾಳಿ, ವ್ಯಾಯಾಮ, ಡಾಕ್ಟರ ಸಲಹೆ ಎಂದೆಲ್ಲ ಬರೆಯುತ್ತಿದ್ದರು. ಇವಳು 'ಮೂವತ್ತೇಳನೇ ಮೆಟ್ಟಿಲು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಪೆನ್ನಿನ ಮೊನೆ ಹಾಳೆ ಹರಿದುಕೊಂಡು ಆಚೆ ಬಂತು.

ತಂಡ ನಡೆಸುತ್ತಿದ್ದವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಹಾಳೆ ಓದಿದರು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. "ಬನ್ನಿ. ಕೈ ಹೆಚ್ಚಾದಷ್ಟೂ ಒಳ್ಳೇದೇ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆ ಅವಳ ನೆನಪಿಗೆ ಬಂತು. ಇವರು ಮುಟ್ಟಿಕೊಂಡದ್ದು ಕನ್ನಡಕ, ಅಷ್ಟೇ ವ್ಯತ್ಯಾಸ.

ನಾಲ್ಕು ತಿಂಗಳ ಹಿಂದೆ ಅವಳ ತಂಗಿ ಆ ಮೆಟ್ಟಿಲ ಮೇಲೆ ಬಿದ್ದಿದ್ದಳು. ತಂಗಿ ಶಾಲೆಯಲ್ಲಿ ಆಟದ ಟೀಚರ್. ಬೆಟ್ಟವೆಂದರೆ ಅವಳಿಗೆ ಹಿತ್ತಲಿದ್ದ ಹಾಗೆ, ಭಾನುವಾರ ಬೆಳಿಗ್ಗೆ ಹತ್ತಿ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದಳು. ಅವತ್ತು ಇಳಿಯುವಾಗ ಮೂವತ್ತೇಳನೇ ಕಲ್ಲು ಮುಂದಕ್ಕೆ ವಾಲಿ, ಪಾದ ಸಂದಿಗೆ ಸಿಕ್ಕಿ, ಮತ್ತೆ ಹಿಂದಕ್ಕೆ ಕೂತಿತು. ಮೊಣಕಾಲು ತಿರುಚಿ ಮುರಿಯಿತು. ಗುರುತಿಲ್ಲದ ಇಬ್ಬರು ಚಾರಣಿಗರು ಮೂರು ಗಂಟೆ ಕಾಲ ಹೊತ್ತುಕೊಂಡು ಕೆಳಗಿಳಿಸಿದರು. ಮಾರನೇ ದಿನ ಮೇಷ್ಟ್ರು, ಜೊತೆಗೆ ಬೆಟ್ಟದ ದಾರಿ ಸಮಿತಿಯ ಇಬ್ಬರು, ಹೋಗಿ ನೋಡಿ ಮೂರು ಸಾಲಿನ ವರದಿ ಬರೆದರು: 'ಮೆಟ್ಟಿಲು ಭದ್ರವಾಗಿದೆ. ಮೇಲೆ ನಿಂತು ಪರೀಕ್ಷಿಸಲಾಗಿದೆ. ನಡೆದವರ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ.'

ಮುರಿದ ಮೂಳೆ ಕೂಡುತ್ತಿತ್ತು. ಬೇಸಿಗೆಗೆ ಓಡಬಹುದು ಎಂದು ಡಾಕ್ಟರೂ ಹೇಳಿದ್ದರು. ಆದರೆ ಆ ಮೂರನೇ ಸಾಲು, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕೈಗೆ ಹೋಯಿತು. "ತನ್ನ ಕಾಲನ್ನೇ ನೋಡ್ಕೊಳ್ಳೋಕೆ ಆಗದವರ ಕೈಗೆ ನಲವತ್ತು ಮಕ್ಕಳನ್ನ ಹೇಗೆ ಕೊಡೋದು?" ಎಂದು ಆಕೆ ತಂಗಿಯನ್ನು ಮೈದಾನದಿಂದ ಎತ್ತಿ ಪುಸ್ತಕದ ಕೋಣೆಯಲ್ಲಿ ಕೂರಿಸಿದಳು. ಹೊಸ ವರ್ಷಕ್ಕೆ ಬೇರೆ ಆಟದ ಟೀಚರನ್ನು ತರುವ ಮಾತೂ ಶುರುವಾಯಿತು.

ತಂಗಿ ಜಗಳ ಆಡಿದ್ದರೆ ಅಕ್ಕನಿಗೆ ಅರ್ಧ ಸಮಾಧಾನವಾಗುತ್ತಿತ್ತು. ಅವಳು ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, "ನಾನೇ ನೋಡ್ಕೊಂಡು ಕಾಲಿಡಬೇಕಿತ್ತೇನೋ ಅಕ್ಕ" ಎನ್ನುತ್ತಿದ್ದಳು. ದಿನಕ್ಕೆ ನಾಲ್ಕು ಸಲ. ಆ 'ಏನೋ' ಕೇಳಿದಾಗಲೆಲ್ಲ ಅಕ್ಕನ ಮೈಯೆಲ್ಲ ಉರಿಯುತ್ತಿತ್ತು. ಗಂಡುಬೀರಿ ಎಂದು ಊರು ಆಡಿಕೊಳ್ಳುತ್ತಿದ್ದ ಹುಡುಗಿ, ಬಿದ್ದರೆ ನಕ್ಕು ಏಳುತ್ತಿದ್ದವಳು, ಈಗ ಬಚ್ಚಲಿಗೆ ಹೋಗಬೇಕಾದರೂ ಹೊಸ್ತಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು.

ಇದಕ್ಕೆ ಮದ್ದು ಒಂದೇ. ಆ ಕಲ್ಲನ್ನು ಎತ್ತಿ ಅಡಿ ನೋಡಬೇಕು. ಬಟ್ಟೆಯ ಬಣ್ಣ ನೋಡುವವರು ಗಿರಾಕಿಗಳು, ದರ್ಜಿ ನೋಡುವುದು ಒಳಮೈಯನ್ನು. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎಂಬುದನ್ನು ಅವಳು ಇಪ್ಪತ್ತಾರು ವರ್ಷದಿಂದ ದಿನಾ ಕಣ್ಣಾರೆ ಕಂಡಿದ್ದಳು.

ಆದರೆ ಕೇಳುವುದು ಯಾರನ್ನು? ಮೇಷ್ಟ್ರು ಮೂವತ್ತು ವರ್ಷದಿಂದ ಬಿಡಿಗಾಸು ಮುಟ್ಟದೆ ಬೆಟ್ಟದ ದಾರಿ ರಿಪೇರಿ ಮಾಡುತ್ತಿದ್ದವರು. ಅವರ ಹೆಸರೆತ್ತಿದರೆ ಸಾಕು, ಊರಿಗೆ ಊರೇ ಕೈ ಮುಗಿಯುತ್ತಿತ್ತು. ಮೊದಲ ಭಾನುವಾರವೇ ಅವಳು ಮೂವತ್ತೇಳರ ಮಾತೆತ್ತಿದಾಗ, ಬಸ್ಸು ಓಡಿಸಿ ರಿಟೈರಾಗಿದ್ದ ಡ್ರೈವರಣ್ಣ ನಗುತ್ತ ಹೇಳಿದ: "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ಬಿಡಕ್ಕಾ, ಪುಕ್ಕಟೆ ಕೆಲಸ ಮಾಡೋರನ್ನ ಹಾಗೆಲ್ಲ ಕೇಳಬಾರದು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಅಣ್ಣಾ, ನಾನು ದರ್ಜಿ. ಮೊಳ ಹಾಕೋದೇ ನನ್ನ ಕೆಲಸ. ಹಿತ್ತಲಿಗೂ ಹೋಗಲ್ಲ, ಬೀದೀಲಿ ನಿಂತೇ ಹಾಕ್ತೀನಿ."

ಅಂದಿನಿಂದ ಅವಳಿಗೆ 'ಕತ್ತರಿ' ಎಂದು ಹೆಸರು ಬಿತ್ತು.

ಕೆಲಸ ಮಾತ್ರ ಕತ್ತರಿಗೆ ಬಗ್ಗುವಂಥದ್ದಾಗಿರಲಿಲ್ಲ. ಆ ಕಾಡಿನಲ್ಲಿ ಯಂತ್ರ ಬಳಸುವಂತಿಲ್ಲ. ಬಸ್ ನಿಲ್ದಾಣದ ಪಕ್ಕದ ಹೆಂಚಿನ ಶೆಡ್ಡಿನಿಂದ ಹಾರೆ, ಗುದ್ದಲಿ, ಸುತ್ತಿಗೆ, ಬಾಂಡ್ಲಿ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ಒಂದೂವರೆ ಗಂಟೆ ಹತ್ತಬೇಕು. ಅಲ್ಲಿ ಬೆಟ್ಟ ಕಡಿದಾಗುತ್ತದೆ, ಮೆಟ್ಟಿಲು ಶುರುವಾಗುತ್ತದೆ. ಮೇಲಿನ ಭಾಗವನ್ನು ಹಿಂದಿನ ವರ್ಷ ಕಟ್ಟಿದ್ದರು. ಈ ವರ್ಷದ್ದು ಕೆಳಗಿನ ಮೂವತ್ತು, ಹಳೇ ಕಲ್ಲು ಕಿತ್ತು ಹೊಸದಾಗಿ ಕೂರಿಸುವುದು; ಅದು ಮುಗಿಯುವವರೆಗೆ ಮೇಲಿನದನ್ನು ಮುಟ್ಟುವಂತಿಲ್ಲ.

ಒಂದೊಂದು ಕಲ್ಲೂ ಒಂದೊಂದು ಎಮ್ಮೆ. ಹಾರೆಯಲ್ಲಿ ಮೀಟಿ, ಉರುಳಿಸಿ, ಮಣ್ಣಿನಲ್ಲಿ ಅದರ ಹೊಟ್ಟೆಗೆ ಸರಿಯಾದ ಗುಂಡಿ ತೋಡಿ ಕೂರಿಸಬೇಕು. ಮೇಲಿನ ಕಲ್ಲಿನ ಮುಂಭಾಗ ಕೆಳಗಿನ ಕಲ್ಲಿನ ಬೆನ್ನ ಮೇಲೆ ಒಂದು ಗೇಣು ಕೂರಬೇಕು, ಹೊಲಿಗೆಯಲ್ಲಿ ಅಂಚಿನ ಮೇಲೆ ಅಂಚು ಬಂದ ಹಾಗೆ. ಆಮೇಲೆ ಎರಡೂ ಕಾಲಿಟ್ಟು ನಿಂತು, ಭಾರವನ್ನು ಎಡಕ್ಕೆ ಬಲಕ್ಕೆ ತೂಗಬೇಕು. ಕಲ್ಲು 'ಟಕ್' ಎಂದರೆ ಅದು ಮಾತಾಡಿತು ಎಂದರ್ಥ. ಮಾತಾಡಿದ ಕಲ್ಲನ್ನು ತೆಗೆಯಬೇಕು, ಗುಂಡಿಯನ್ನು ಮತ್ತೆ ತೋಡಬೇಕು, ಮತ್ತೆ ಕೂರಿಸಬೇಕು. ಹತ್ತು ಸಲವಾದರೂ ಸರಿಯೆ.

"ಇನ್ನೊಂದು ದಾರಿ ಇದೆ" ಎಂದು ಮೇಷ್ಟ್ರು ಮೊದಲ ದಿನವೇ ಎಲ್ಲರಿಗೂ ಹೇಳಿದ್ದರು. "ಸಂದೀಲಿ ಒಂದು ಕಲ್ಲಿನ ಚಕ್ಕೆ ತುರುಕಿದರೆ ಸಾಕು, ಕಲ್ಲು ತಕ್ಷಣ ಬಾಯಿ ಮುಚ್ಚುತ್ತೆ. ಎರಡು ಮಳೆಗೆ ಚಕ್ಕೆ ಜಾರಿ ಹೋಗುತ್ತೆ. ಆಮೇಲೆ ಕಲ್ಲು ಮಾತಾಡಲ್ಲ, ಮನುಷ್ಯ ಕೂಗ್ತಾನೆ. ನನ್ನ ತಂಡದಲ್ಲಿ ಚಕ್ಕೆ ಇಟ್ಟವರು ಮಾರನೇ ವಾರ ಬರೋದು ಬೇಡ." ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ದೂರದಲ್ಲಿದ್ದ ಮರವೊಂದಕ್ಕೆ ಪಾಠ ಹೇಳುತ್ತಿದ್ದ ಹಾಗಿತ್ತು.

ಅವಳು ಕಲಿತಳು. ಸಿಟ್ಟಿಗೆ ಅಂಥದೊಂದು ಗುಣವಿದೆ, ತೋಳಿಗೆ ಬಲ ಕೊಡುತ್ತದೆ. ಅಂಗೈ ದಡ್ಡುಗಟ್ಟಿ, ಅಂಗಡಿಯಲ್ಲಿ ರೇಷ್ಮೆ ಬಟ್ಟೆ ಮುಟ್ಟಿದರೆ ಎಳೆ ಕಿತ್ತು ಬರುತ್ತಿತ್ತು. ಗಿರಾಕಿಗಳು ಗೊಣಗಿದರು. "ಬೆಟ್ಟಕ್ಕೆ ಕಲ್ಲು ಹೊರೋಕೆ ಹೋಗ್ತೀನಿ, ಬೇಕಾದ್ರೆ ಬನ್ನಿ" ಎಂದು ಅವರ ಬಾಯಿ ಮುಚ್ಚಿಸಿದಳು. ಭಾನುವಾರಕ್ಕೆ ಎರಡು ಮೆಟ್ಟಿಲು, ಕೆಲವೊಮ್ಮೆ ಒಂದೇ. ಮನಸ್ಸಿನಲ್ಲಿ ಅವಳು ಎಣಿಸುತ್ತಿದ್ದದ್ದು ಹಾಕಿದ ಮೆಟ್ಟಿಲುಗಳನ್ನಲ್ಲ, ಮೂವತ್ತೇಳಕ್ಕೆ ಇನ್ನೆಷ್ಟು ಉಳಿಯಿತು ಎಂಬುದನ್ನು.

ಹತ್ತೊಂಬತ್ತನೇ ಕಲ್ಲು ಅವಳ ಪಾಲಿಗೆ ಬಂದ ದಿನ ಮೋಡ ಕವಿದಿತ್ತು. ಹಟಮಾರಿ ಕಲ್ಲು, ನಾಲ್ಕು ಸಲ ಎತ್ತಿ ಕೂರಿಸಿದರೂ ಬಲಮೂಲೆಯಲ್ಲಿ 'ಟಕ್' ಎನ್ನುತ್ತಲೇ ಇತ್ತು. ಆ ತಿರುವಿನಲ್ಲಿ ಮಾತ್ರ ಫೋನು ಸಿಗುತ್ತಿತ್ತು, ಸರಿಯಾಗಿ ಆಗಲೇ ತಂಗಿಯ ಫೋನು ಬಂತು. ಹೊಸ ಟೀಚರ್ ವಿಷಯ ತೀರ್ಮಾನ ಮಾಡಲು ಶಾಲೆಯ ಸಭೆಗೆ ದಿನ ಗೊತ್ತಾಗಿದೆ, ಇನ್ನು ಆರೇ ವಾರ. "ಹೋಗ್ಲಿ ಬಿಡು ಅಕ್ಕ, ನಂದೇ ತಪ್ಪೇನೋ" ಎಂದಿತು ಫೋನು. ಆರು ವಾರ, ಇನ್ನೂ ಹನ್ನೊಂದು ಮೆಟ್ಟಿಲು, ಈ ದರಿದ್ರ ಕಲ್ಲು ಇಲ್ಲಿ ಹರಟೆ ಹೊಡೆಯುತ್ತ ಕೂತಿದೆ! ಕಾಲ ಬಳಿ ಎರಡು ಬೆರಳಗಲದ ಚಕ್ಕೆಯೊಂದು ಬಿದ್ದಿತ್ತು. ಸಂದಿಗೆ ತುರುಕಿ ಸುತ್ತಿಗೆಯಲ್ಲಿ ಒಂದೇಟು ಹಾಕಿದಳು.

"ಏನಮ್ಮ, ಮಾತಾಡ್ತಿದೆಯಾ?" ಎಂದು ಮೇಲಿನಿಂದ ಮೇಷ್ಟ್ರು ಕೂಗಿದರು.

"ಇಲ್ಲ. ನನಗೆ ಹೆದರಿ ಬಾಯಿ ಮುಚ್ಕೊಂಡಿದೆ."

ಎಲ್ಲರೂ ನಕ್ಕರು. ಮುಂದಿನ ವಾರ ಸರಿಮಾಡಿದರಾಯಿತು ಎಂದುಕೊಂಡಳು. ಮುಂದಿನ ವಾರ ಇಪ್ಪತ್ತನೇ ಕಲ್ಲು ಅದರ ಬೆನ್ನ ಮೇಲೆ ಬಂದು ಕೂತಿತು, ಅದರ ಮೇಲೆ ಇಪ್ಪತ್ತೊಂದು. ಅವಳೂ ಮರೆತಳು.

ಸಭೆಯ ಹಿಂದಿನ ದಿನ ಭಾನುವಾರ. ಮೂವತ್ತನೇ ಮೆಟ್ಟಿಲು ಹನ್ನೊಂದು ಗಂಟೆಗೇ ಮುಗಿಯಿತು. ಮೇಷ್ಟ್ರು ಕೈ ಕೊಡವಿಕೊಂಡು, "ಈ ವರ್ಷದ್ದು ಆಯ್ತು. ಮೇಲಿನದೆಲ್ಲ ಗಟ್ಟಿಯಾಗಿದೆ. ಸಾಮಾನು ಕಟ್ಟಿ" ಎಂದರು.

"ಮೂವತ್ತೇಳು?"

"ಅದನ್ನ ಪರೀಕ್ಷೆ ಮಾಡಿ ಆಗಿದೆಯಲ್ಲಮ್ಮ."

"ಮಾಡಿದವರು ನೀವು. ಕಟ್ಟಿದವರೂ ನೀವು. ಬರೆದವರೂ ನೀವು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು."

ಮೇಷ್ಟ್ರನ್ನು ಕಳ್ಳ ಎಂದವರು ಆ ಊರಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ. "ಅತಿ ಆಯ್ತು ಕಣಮ್ಮ" ಎಂದ ಒಬ್ಬ. ಅವಳು ಹಾರೆ ಹೆಗಲಿಗೇರಿಸಿ ಮೇಲಕ್ಕೆ ನಡೆದಳು.

ಮೂವತ್ತೆಂಟನೆಯದು ಆ ಸಾಲಿನ ಕೊನೆಯ ಕಲ್ಲು, ಅದರಾಚೆ ಸಮತಟ್ಟು ನೆಲ. ಮೂವತ್ತೇಳರ ಹಿಂಭಾಗ ಬಿಚ್ಚಬೇಕಾದರೆ ಮೊದಲು ಇದನ್ನು ಎತ್ತಬೇಕು. ಒಬ್ಬಳೇ ಹಾರೆ ಚುಚ್ಚಿ ಮೈಭಾರವೆಲ್ಲ ಹಾಕಿದಳು. ಕಲ್ಲು ಮಿಸುಕಲಿಲ್ಲ. ಮತ್ತೆ ಹಾಕಿದಳು. ಅಂಗೈ ಕಿತ್ತು ರಕ್ತ ಬಂತು. ಕೆಳಗೆ ನಿಂತ ಆರು ಜನ ಸೇವಾಸಕ್ತರು ಅವಳನ್ನೇ ನೋಡುತ್ತಿದ್ದರು. "ನೋಡ್ರಿ, ಚೆನ್ನಾಗಿ ನೋಡ್ರಿ! ಧರ್ಮಾತ್ಮರು!" ಎಂದು ಕಿರುಚಿದಳು.

ಡ್ರೈವರಣ್ಣ ತಲೆ ಕೆರೆದುಕೊಂಡ. ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಅವನಿಗೆ ಏನನ್ನಿಸಿತೋ, ಎರಡನೇ ಹಾರೆ ಎತ್ತಿಕೊಂಡು ಹತ್ತಿ ಬಂದ. "ಸರಿ ಕತ್ತರೀ, ಮೊಳ ಹಾಕೇಬಿಡೋಣ."

ಇಬ್ಬರ ಭಾರಕ್ಕೆ ಮೂವತ್ತೆಂಟು ಎದ್ದು ಪಕ್ಕಕ್ಕೆ ಹೊರಳಿತು. ಅವಳು ಮೊಣಕಾಲೂರಿ ಮೂವತ್ತೇಳರ ಅಡಿಗೆ ಕೈ ತೂರಿಸಿದಳು. ಮೊದಲು ಮಣ್ಣು, ಆಮೇಲೆ ಪಾಚಿಗಟ್ಟಿದ ಎರಡು ಕಲ್ಲು ಚಕ್ಕೆ. ಇನ್ನೂ ಮುಂದೆ, ಮೂಲೆಯಲ್ಲಿ, ಬೆರಳಿಗೆ ಸಿಕ್ಕಿದ್ದನ್ನು ಎಳೆದಳು. ಕೆಂಪಗಿತ್ತು. ಹೆಂಚಿನ ಚೂರು.

ಆ ಬೆಟ್ಟದಲ್ಲಿ ಹೆಂಚು ಬೆಳೆಯುವುದಿಲ್ಲ. ಹೆಂಚಿರುವುದು ಕೆಳಗಿನ ಶೆಡ್ಡಿನಲ್ಲಿ, ಒಡೆದ ಹೆಂಚಿನ ರಾಶಿ ಬೀಗ ಹಾಕಿದ ಬಾಗಿಲ ಹಿಂದೆ. ಬೀಗದ ಕೈ ಒಬ್ಬರ ಜೇಬಿನಲ್ಲಿ. ಅವಳು ಚೂರನ್ನು ಎತ್ತಿ ಹಿಡಿದಳು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

ಮೇಷ್ಟ್ರು ಮೆಟ್ಟಿಲ ಮೇಲೇ ಕೂತರು.

"ಹೋದ ವರ್ಷ ಮಳೆ ಬೇಗ ಬಂತು" ಎಂದರು. "ಉದ್ಘಾಟನೆಗೆ ದೊಡ್ಡವರೆಲ್ಲ ಬರೋರಿದ್ರು. ಒಂದೇ ದಿನ ಇತ್ತು. ಇದೊಂದು ಕಲ್ಲು ಮಾತಾಡ್ತಾ ಇತ್ತು. ಚಕ್ಕೆ ಇಟ್ಟೆ. ಆಮೇಲೆ ಸರಿಮಾಡೋಣ ಅಂತ..."

"ಹೆಂಚು?"

"ನಿಮ್ಮ ತಂಗಿ ಬಿದ್ದಳಲ್ಲ, ಮಾರನೇ ಬೆಳಿಗ್ಗೆ ಸಮಿತಿಯವರಿಗಿಂತ ಮೊದಲೇ ನಾನೊಬ್ಬನೇ ಬಂದೆ. ಹಳೇ ಚಕ್ಕೆ ಜಾರಿತ್ತು. ನನ್ನ ಹೆಸರಿಗೋಸ್ಕರ ಅಲ್ಲಮ್ಮ. ದಾರೀನೇ ಮುಚ್ಚಿಬಿಡ್ತಾರೆ ಅಂತ ಹೆದರಿಕೆಯಾಯ್ತು. ಮೂವತ್ತು ವರ್ಷದ ದಾರಿ. ಒಂದು ಪೈಸೆ ಮುಟ್ಟದೆ..."

"ಮುಚ್ಚಿ ಬಾಯಿ!"

ಹಿರಿಯರಿಗೆ ಅವಳು ಹಾಗೆ ಅಂದದ್ದು ಜೀವಮಾನದಲ್ಲಿ ಅದೇ ಮೊದಲು. ಅಂದ ಮೇಲೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. "ಪೈಸೆ ಮುಟ್ಟಲಿಲ್ಲ ಅಂತ ಎಷ್ಟು ಸಲ ಹೇಳ್ತೀರಿ? ಮುಟ್ಟಿದ್ರೇ ಚೆನ್ನಾಗಿತ್ತು, ಕೇಳೋ ಹಕ್ಕಾದರೂ ಇರ್ತಿತ್ತು. ಧರ್ಮಕ್ಕೆ ಅಂತ ಹರಕು ದಟ್ಟಿ ಕೊಡೋದು, ಉಟ್ಟೋಳು ಬೀದೀಲಿ ಬೆತ್ತಲಾದ್ರೆ ಅವಳಿಗೆ ಉಡೋಕೆ ಬರಲ್ಲ ಅಂತ ವರದಿ ಬರೆಯೋದು! ನನ್ನ ತಂಗಿ ಹೊಸ್ತಿಲು ದಾಟೋಕೆ ಹೆದರ್ತಾಳೆ ಮೇಷ್ಟ್ರೇ. ದಾರಿ ಉಳಿಸಿದರಂತೆ, ದಾರಿ! ನಡೆಯೋಳನ್ನೇ ಮುರಿದು ಕೂರಿಸಿ ದಾರಿ ಯಾರಿಗೆ?"

ಅವಳು ಮೇಷ್ಟ್ರ ಚೀಲ ಎಳೆದು, ಫೈಲಿನಿಂದ ತಾನೇ ತುಂಬಿದ್ದ ಹಾಳೆ ಹುಡುಕಿ, ಬೆನ್ನು ಮಗುಚಿ ಅವರ ತೊಡೆಯ ಮೇಲಿಟ್ಟಳು. "ಬರೀರಿ. ನಾಳೆ ಬೆಳಿಗ್ಗೆ ಸಭೆ."

ಮೇಷ್ಟ್ರು ಬರೆದರು: 'ಮೆಟ್ಟಿಲಿನಲ್ಲಿ ದೋಷವಿದ್ದುದು ಕಂಡುಬಂದಿದೆ.'

"ದೋಷ ತಾನಾಗೇ ನಡ್ಕೊಂಡು ಬಂತಾ? ಹೊಡೆದು ಹಾಕಿ. ಯಾರು ಏನು ಮಾಡಿದರು ಅಂತ ಬರೀರಿ."

ಮೇಷ್ಟ್ರು ಆ ಸಾಲನ್ನು ಹೊಡೆದು ಹಾಕಿದರು. ಆಮೇಲೆ ತಮ್ಮ ಸುಂದರ ಅಕ್ಷರದಲ್ಲಿ, ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗೆ ಬರೆದರು: 'ಮೂವತ್ತೇಳನೇ ಮೆಟ್ಟಿಲಿಗೆ ಚಕ್ಕೆ ಇಟ್ಟವನು ನಾನು. ಅಪಘಾತದ ಮಾರನೇ ದಿನ ಹೆಂಚಿನ ಚೂರು ತುರುಕಿ ಅದನ್ನು ಮುಚ್ಚಿಟ್ಟವನೂ ನಾನು. ನಡೆದವರ ತಪ್ಪು ಏನೂ ಇಲ್ಲ.' ಕೆಳಗೆ ಸಹಿ. ಹಾಳೆಯ ಆಚೆ ಬದಿಯಿಂದ ಅವಳ ಎರಡು ಗೆರೆ ಹರಿದ ಗುರುತು ಸಹಿಯ ಪಕ್ಕದಲ್ಲೇ ಕಾಣುತ್ತಿತ್ತು.

ಬಿಚ್ಚಿದ ಮೆಟ್ಟಿಲಿಗೆ ಅಡ್ಡಲಾಗಿ ಉಳಿದವರು ಮುಳ್ಳುಕಂಟಿ ಎಳೆದು ಹಾಕಿದರು. ಹಾಳೆ ಮಡಚಿ ಎದೆಗಿಟ್ಟುಕೊಂಡು ಅವಳು ಇಳಿಯತೊಡಗಿದಳು. ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕು. ನಾಳೆ ದೊಡ್ಡಮ್ಮನ ಮೇಜಿನ ಮೇಲೆ ಇದನ್ನು ಪಟಾರನೆ ಬಡಿದು ಏನೇನು ಅನ್ನಬೇಕು ಎಂಬುದನ್ನು ತಿಂಗಳುಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಉರು ಹೊಡೆದಿದ್ದಳು. ಮೂವತ್ತು, ಇಪ್ಪತ್ತೈದು, ಇಪ್ಪತ್ತು. ಹತ್ತೊಂಬತ್ತರ ಮೇಲೆ ಕಾಲಿಟ್ಟಳು.

ಕಲ್ಲು ಸುಮ್ಮನಿತ್ತು. ಎಡಕ್ಕೆ ತೂಗಿದಳು, ಬಲಕ್ಕೆ ತೂಗಿದಳು. ಸದ್ದಿಲ್ಲ. ಇನ್ನೂ ಒಂದು ಮಳೆಯನ್ನೂ ಕಾಣದ ಕಲ್ಲು ಅದು, ಇಷ್ಟು ಬೇಗ ಯಾಕೆ ಮಾತಾಡೀತು?

ಇಳಿದಳು. ಹದಿನೆಂಟು, ಹದಿನೇಳು, ಹನ್ನೆರಡು. ಹನ್ನೆರಡರಲ್ಲಿ ನಿಂತಳು. ಯಾರಿಗೂ ಗೊತ್ತಿಲ್ಲ. ಎಂದೆಂದಿಗೂ ಗೊತ್ತಾಗುವುದೂ ಇಲ್ಲ, ಯಾರದೋ ತಂಗಿ ಮೊಣಕಾಲು ಮುರಿದುಕೊಳ್ಳುವವರೆಗೆ. 'ಆಮೇಲೆ ಸರಿಮಾಡೋಣ ಅಂತ.' ಮೇಷ್ಟ್ರ ಬಾಯಿಂದ ಬಂದ ಮಾತು, ಅಕ್ಷರವೂ ಬದಲಿಲ್ಲದೆ, ಅವಳದೇ ಮಾತಾಗಿತ್ತು. "ಥೂ ನಿನ್ನ!" ಎಂದು ಉಗಿದಳು. ಯಾರಿಗೆ ಉಗಿದದ್ದು ಎಂದು ಹಿಂದೆ ಬರುತ್ತಿದ್ದವರಿಗೆ ತಿಳಿಯಲಿಲ್ಲ. ಅವಳಿಗೆ ಚೆನ್ನಾಗಿ ತಿಳಿದಿತ್ತು. ಹೊಟ್ಟೆಯೊಳಗಿನ ಬೆಂಕಿ ಅಷ್ಟೇ ಇತ್ತು, ಉರಿಯುವ ಕಡೆ ಒಂದು ಹೆಚ್ಚಾಗಿತ್ತು.

ತಿರುಗಿ ಹತ್ತಿ ಬಂದಳು. "ಹಾರೆ ಕೊಡಣ್ಣ."

"ಯಾಕಕ್ಕಾ? ಬಸ್ಸು ಹೋಗುತ್ತೆ."

"ಹತ್ತೊಂಬತ್ತರ ಅಡಿ ಚಕ್ಕೆ ಇದೆ. ಇಟ್ಟೋಳು ನಾನು."

ಡ್ರೈವರಣ್ಣ ಹಾರೆಯನ್ನು ಹೆಗಲಿಂದ ಇಳಿಸಿದ. ಹಿಂದೆ ಇದ್ದ ಮೇಷ್ಟ್ರು ತಲೆ ಎತ್ತಿದರು. ಹೆಂಚು ಸಿಕ್ಕಾಗಿನಿಂದ ಸೋತು ಜೋತುಬಿದ್ದಿದ್ದ ಮುಖದಲ್ಲಿ ಒಂದು ತೆಳು ಗೆಲುವು ಬಂತು.

"ನಗಬೇಡಿ ಮೇಷ್ಟ್ರೇ" ಎಂದಳು ಅವಳು. "ಇದರಿಂದ ನಿಮ್ಮದು ಒಂದು ಗುಂಜಿಯೂ ಕಮ್ಮಿಯಾಗಲ್ಲ. ನನ್ನದು ನಂದು, ನಿಮ್ಮದು ನಿಮ್ಮದು."

ಮುಖ ಮತ್ತೆ ಇಳಿಯಿತು. ಅವಳು ಎದೆಗಿಟ್ಟ ಹಾಳೆ ತೆಗೆದು ನೋಡಿದಳು. ಪಟಾರನೆ ಬಡಿಯುವ ಆಸೆ ಇನ್ನೂ ಕೈಯಲ್ಲಿತ್ತು. ಅದನ್ನು ಮೇಷ್ಟ್ರ ಕೈಗೆ ತುರುಕಿದಳು. "ನಾಲ್ಕರ ಬಸ್ಸಿಗೆ ನೀವು ಹೋಗಿ. ನಾಳೆ ಶಾಲೆಗೂ ನೀವೇ ಕೊಡಿ. ಅದಕ್ಕೆ ಮುಂಚೆ ಇವತ್ತು ನಮ್ಮನೆಗೆ ಹೋಗಿ ನನ್ನ ತಂಗಿ ಎದುರು ನಿಂತು ಓದಿ."

"ಆಕೆ ಏನಾದ್ರೂ ಅಂದರೆ?"

"ಅಂದರೆ ಅನ್ನಿಸಿಕೊಳ್ಳಿ. ಅವಳು ಬೈಯೋಳಲ್ಲ. 'ನಾನೇ ನೋಡ್ಕೊಂಡು ಇಡಬೇಕಿತ್ತೇನೋ' ಅಂತಾಳೆ. ಆ 'ಏನೋ' ಹೋಗೋವರೆಗೂ ಮತ್ತೆ ಮತ್ತೆ ಓದ್ತಾ ಇರಿ."

ಮೇಷ್ಟ್ರು ಇಳಿದು ಹೋದರು. ಹತ್ತೊಂಬತ್ತನ್ನು ತೆಗೆಯಬೇಕಾದರೆ ಅದರ ಮೇಲಿನ ಐದನ್ನೂ ಬಿಚ್ಚಬೇಕು, ಇಪ್ಪತ್ನಾಲ್ಕರಿಂದ ಕೆಳಕ್ಕೆ; ಅದರಾಚೆ ಸ್ವಲ್ಪ ಸಮತಟ್ಟು ನೆಲ. ಮೂರು ಭಾನುವಾರದ ಎಲ್ಲರ ಬೆವರು. ಇಬ್ಬರು ಮುಖ ಗಂಟು ಹಾಕಿಕೊಂಡು ಹೊರಟುಹೋದರು. ಮೂವರು ಉಳಿದರು, ಗೊಣಗುತ್ತಲೇ. ದಾರಿಹೋಕರು ಕಾಲಿಡದಿರಲೆಂದು ಅವಳು ಜೇಬಿನಿಂದ ಅಳತೆ ಟೇಪು ತೆಗೆದು, ಮೆಟ್ಟಿಲಿಗೆ ಅಡ್ಡಲಾಗಿ ಎರಡು ಪೊದೆಗಳ ನಡುವೆ ಬಿಗಿದು ಕಟ್ಟಿದಳು.

ಎರಡು ಕಲ್ಲು ಎದ್ದು, ಮೂರನೆಯದಕ್ಕೆ ಹಾರೆ ಹಾಕುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಫೋನು ಬಂತು.

"ಅಕ್ಕ" ಎಂದಳು ತಂಗಿ. "ಮೇಷ್ಟ್ರು ಬಂದಿದ್ದಾರೆ. ನಾಲ್ಕನೇ ಸಲ ಓದ್ತಿದ್ದಾರೆ. ನಾನೇ ಓದಿಸ್ತಿದ್ದೀನಿ." ದನಿ ನಡುಗುತ್ತಿತ್ತು, ಅಳುವಿನಿಂದಲ್ಲ. ಅಕ್ಕನಿಗೆ ಆ ನಡುಕದ ಗುರುತಿತ್ತು, ಅದು ಮನೆತನದ್ದು. "ಅಕ್ಕ, ನಾನು ಸರಿಯಾಗೇ ಕಾಲಿಟ್ಟಿದ್ದೆ ಕಣೇ."

"ಹೂಂ. ಸರಿಯಾಗೇ ಇಟ್ಟಿದ್ದೆ."

"ಮೈಯೆಲ್ಲ ಉರೀತಿದೆ ನಂಗೆ. ನೀನೆಲ್ಲಿದ್ದೀಯಾ? ಬೇಗ ಬಾ."

"ಬರ್ತೀನಿ. ನಾನು ಕೆಡಿಸಿದ್ದೊಂದು ಹೊಲಿಗೆ ಇದೆ, ಬಿಚ್ಚಿ ಬರ್ತೀನಿ" ಎಂದು ಅವಳು ಫೋನು ಜೇಬಿಗೆ ಹಾಕಿ, ಅಂಗೈಯ ರಕ್ತವನ್ನು ಬಟ್ಟೆಗೆ ಒರೆಸಿಕೊಂಡು, ಇಪ್ಪತ್ತೆರಡನೇ ಕಲ್ಲಿಗೆ ಹಾರೆ ಹಾಕಿದಳು.